ಪಂಕ್ತಿ ಖಾಲಿಯಾದಾಗ ಬಂದು ಕೂತವರು

ನಮ್ಮ ಕರಾವಳಿಯಲ್ಲಿ ಕರೆಂಟು ಹೋಗಲಿಕ್ಕೆ ಕಾರಣ ಬೇಕೆಂದೇನೂ ಇಲ್ಲ. ಆದರೂ ಕೇಳುವುದು ನಮ್ಮ ಹಕ್ಕು, ಏನಾದರೊಂದು ಹೇಳುವುದು ಅವರ ಸೌಜನ್ಯ. ಮೊನ್ನೆ ನೆಂಟರು ಬರುವ ಹೊತ್ತಿಗೆ ಸರಿಯಾಗಿ, ನೀರುದೋಸೆಯ ಅಕ್ಕಿ ಅರ್ಧ ಕಡೆದಾಗ, ಗ್ರೈಂಡರು ನಿಂತಿತು. ಮನೆಯವಳು ನನ್ನ ಮುಖ ನೋಡಿದಳು. ಕರೆಂಟು ಹೋದರೆ ಗಂಡನ ಮುಖ ಯಾಕೆ ನೋಡಬೇಕು ಎನ್ನುವುದು ಮದುವೆಯಾದಂದಿನಿಂದ ನನಗೆ ಬಗೆಹರಿಯದ ಒಗಟು. ನಾನು ಗಂಭೀರವಾಗಿ ಲೈನ್‌ಮ್ಯಾನಿಗೆ ಫೋನು ಮಾಡಿದೆ. "ಟ್ರಾನ್ಸ್‌ಫಾರ್ಮರ್ ಮೇಲೆ ಅಳಿಲು ಹತ್ತಿತ್ತು ಸರ್. ಈಗ ಇಲ್ಲ," ಎಂದರು. ಇಲ್ಲದ್ದು ಅಳಿಲೋ ಟ್ರಾನ್ಸ್‌ಫಾರ್ಮರೋ ಎಂದು ಕೇಳುವ ಧೈರ್ಯವಾಗಲಿಲ್ಲ. ಹಿಂಬದಿಯ ಜಗಲಿಯಲ್ಲಿ ನಿವೃತ್ತಿ ಜೀವನ ನಡೆಸುತ್ತಿದ್ದ ಕಡೆಯುವ ಕಲ್ಲಿನ ಎದುರು ಕೂತೆ. ಕಲ್ಲು ತಿರುಗಿಸುವಾಗ ಕೈಗೆ ಕೆಲಸ, ತಲೆಗೆ ರಜೆ. ರಜೆ ಸಿಕ್ಕಿದ ನನ್ನ ತಲೆ ನೇರ ಫಿಲಿಪ್ಪೀನ್ಸಿಗೆ ಹೋಯಿತು.

ಅಲ್ಲಿ 1999ರ ಡಿಸೆಂಬರ್ 10ರ ರಾತ್ರಿ ಲೂಜಾನ್ ದ್ವೀಪದ ಬಹುಭಾಗ ಒಮ್ಮೆಗೇ ಕತ್ತಲಾಯಿತು. ನಮ್ಮ ಹಾಗೆ ಒಂದು ಫೀಡರು ಹೋದದ್ದಲ್ಲ. ರಾಜಧಾನಿ ಮನಿಲಾ ಇರುವುದೇ ಆ ದ್ವೀಪದಲ್ಲಿ, ಕೋಟಿಗಟ್ಟಲೆ ಜನ ದೀಪ ಹುಡುಕಬೇಕಾಯಿತು. ಜೋಸೆಫ್ ಎಸ್ಟ್ರಾಡಾ ಅಧ್ಯಕ್ಷರಾಗಿದ್ದ ಕಾಲ. ಸೇನೆ ದಂಗೆ ಎದ್ದಿದೆ, ಸರ್ಕಾರ ಉರುಳಿತು ಎಂದು ಪುಕಾರು ಹಬ್ಬಿತು. ಕತ್ತಲಲ್ಲಿ ಪುಕಾರಿಗೆ ಕಾಲು ಹೆಚ್ಚು. ಕೊನೆಗೆ ದಂಗೆಕೋರರು ಸಿಕ್ಕಿಬಿದ್ದದ್ದು ಸುವಾಲ್ ಎಂಬಲ್ಲಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ, ಅದೂ ನೀರಿನ ಕೊಳವೆಯೊಳಗೆ. ಯಂತ್ರ ತಣಿಸಲು ಕಡಲ ನೀರು ಎಳೆದುಕೊಳ್ಳುವ ಜಾಗಕ್ಕೆ ಅಂಬಲಿ ಮೀನುಗಳು, ಅಂದರೆ ನಮ್ಮ ಮಕ್ಕಳು ಜೆಲ್ಲಿ ಫಿಶ್ ಎನ್ನುವ ಜೀವಿಗಳು, ದಂಡು ಕಟ್ಟಿಕೊಂಡು ಬಂದು ಸಿಕ್ಕಿಕೊಂಡಿದ್ದವು. ಹೊರಗೆ ತೆಗೆದು ಹಾಕಿದ್ದು 50 ಲಾರಿ ಲೋಡು ಎಂದು ಲೆಕ್ಕ. ಮಿದುಳೇ ಇಲ್ಲದ ಪ್ರಾಣಿ ಒಂದು ರಾತ್ರಿಯ ಮಟ್ಟಿಗೆ ಒಂದು ಸರ್ಕಾರವನ್ನು ನಡುಗಿಸಿತು. ಮಿದುಳು ಇಲ್ಲದವರಿಂದ ಸರ್ಕಾರ ನಡುಗುವುದು ಹೊಸದೇನಲ್ಲ ಎಂದು ನೀವು ಹೇಳಬಹುದು. ನಾನು ಹೇಳುವುದಿಲ್ಲ, ನನಗೆ ಪಿಂಚಣಿ ಬರುತ್ತದೆ.

ಆಮೇಲೆ ಹುಡುಕಿದರೆ ಇದು ಇವುಗಳ ಕುಲಕಸುಬೇ ಇರಬೇಕೆಂಬ ಅನುಮಾನ ಬಂತು. 2013ರಲ್ಲಿ ಸ್ವೀಡನ್ನಿನ ಓಸ್ಕರ್ಸ್‌ಹಾಮ್ ಅಣುಸ್ಥಾವರದ ಮೂರನೆಯ ರಿಯಾಕ್ಟರನ್ನು ನಿಲ್ಲಿಸಬೇಕಾಯಿತು. 2025ರ ಆಗಸ್ಟಿನಲ್ಲಿ ಫ್ರಾನ್ಸಿನ ಗ್ರಾವ್‌ಲೀನ್‌ನಲ್ಲಿ ನಾಲ್ಕು ರಿಯಾಕ್ಟರುಗಳು ಒಂದರ ಹಿಂದೆ ಒಂದು ನಿಂತವು. 2006ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ಬಂದರಿಗೆ ಬಂದ ಅಮೆರಿಕದ ರೊನಾಲ್ಡ್ ರೇಗನ್ ಎಂಬ ವಿಮಾನವಾಹಕ ಯುದ್ಧನೌಕೆಯನ್ನೂ ಬಿಡಲಿಲ್ಲ. ನಮ್ಮ ದೇಶದಲ್ಲಿ ಕಲ್ಪಾಕ್ಕಂನ ಅಣುಸ್ಥಾವರದವರಿಗೆ ಇವುಗಳ ಪರಿಚಯ ಹಳೆಯದು. ಕೈಗಾದವರು ಬಚಾವು, ಅವರು ಕುಡಿಯುವುದು ಕಾಳಿ ನದಿಯ ಕದ್ರಾ ಜಲಾಶಯದ ಸಿಹಿನೀರು.

ಇಷ್ಟು ರಂಪ ಮಾಡುವ ಪ್ರಾಣಿ ಎಂಥದ್ದು ಎಂದು ನೋಡಿದರೆ ನಾಚಿಕೆಯಾಗುತ್ತದೆ ಮಾರಾಯ್ರೆ. ಮೈಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರು. ಮೂಳೆಯಿಲ್ಲ, ಹೃದಯವಿಲ್ಲ, ರಕ್ತವಿಲ್ಲ, ಮಿದುಳಿಲ್ಲದ್ದು ಆಗಲೇ ಹೇಳಿದೆ. ತಿನ್ನಲಿಕ್ಕೂ ಹೊರಹಾಕಲಿಕ್ಕೂ ಒಂದೇ ಬಾಗಿಲು. ಉಸಿರಾಟಕ್ಕೆ ಶ್ವಾಸಕೋಶವೂ ಬೇಡ, ಕಿವಿರೂ ಬೇಡ, ಚರ್ಮವೇ ಸಾಕು. ಹೀಗಿದ್ದೂ ಐವತ್ತು ಕೋಟಿ ವರ್ಷಕ್ಕೂ ಹಿಂದಿನಿಂದ ಈ ಭೂಮಿಯ ಕಡಲುಗಳಲ್ಲಿ ಸುಖವಾಗಿದೆ. ಡೈನೋಸಾರುಗಳು ಬಂದವು, ಹೋದವು. ಇವು ಸುಮ್ಮನೆ ತೇಲುತ್ತಿದ್ದವು. ಊಟ ಸಿಗದಿದ್ದರೆ ಸಾಯುವ ಬದಲು ಮೈಯನ್ನೇ ಕುಗ್ಗಿಸಿಕೊಳ್ಳುತ್ತವೆ, ಸಿಕ್ಕಿದ ಮೇಲೆ ಮತ್ತೆ ಹಿಗ್ಗುತ್ತವೆ. ಡಾಕ್ಟರು ನನಗೂ ರಾತ್ರಿಯೂಟ ಕಡಿಮೆ ಮಾಡಲು ಹೇಳಿದ್ದಾರೆ. ಈ ವಿದ್ಯೆಯ ಎರಡನೆಯ ಭಾಗ ಮಾತ್ರ ನನಗೆ ಒಲಿದಿದೆ.

ಇವುಗಳ ಸಂಸಾರದ ಗುಟ್ಟು ಇನ್ನೂ ಸೊಗಸು. ನಾವು ನೋಡುವ ತೇಲುವ ರೂಪ ಕಥೆಯ ಅರ್ಧ ಮಾತ್ರ. ಉಳಿದರ್ಧ ಕಡಲ ತಳದ ಕಲ್ಲಿಗೋ ಚಿಪ್ಪಿಗೋ ಅಂಟಿಕೊಂಡಿರುವ, ಕೆಲವೇ ಮಿಲಿಮೀಟರ್ ಉದ್ದದ ಪಾಲಿಪ್. ಗಂಡು ಹೆಣ್ಣಿನ ಹಂಗಿಲ್ಲದೆ ಅದು ಪಕ್ಕದಲ್ಲಿ ಮೊಗ್ಗೊಡೆದು ಮತ್ತೊಂದು ಪಾಲಿಪ್ ಮಾಡುತ್ತದೆ. ಹಾಗೆ ವರ್ಷಗಟ್ಟಲೆ ಇರಬಲ್ಲದು. ಒಂದು ದಿನ ಹವೆ, ನೀರಿನ ಬಿಸಿ ಎಲ್ಲ ಕೂಡಿಬಂದರೆ ಮೈಯನ್ನು ಅಡ್ಡಡ್ಡ ಬಿಲ್ಲೆಬಿಲ್ಲೆಯಾಗಿ ಸೀಳಿಕೊಂಡು ಒಂದೊಂದನ್ನೇ ಕಡಲಿಗೆ ಬಿಡುತ್ತದೆ. ಒಂದೊಂದು ಬಿಲ್ಲೆಯೂ ಒಂದೊಂದು ಮರಿ. ಅಂಥ ಲಕ್ಷಾಂತರ ಪಾಲಿಪ್‌ಗಳು ಒಟ್ಟಿಗೇ ಹೀಗೆ ಮಾಡಿದರೆ ಕೆಲವು ವಾರಗಳಲ್ಲಿ ಕಡಲು ಗಿಜಿಗುಡುತ್ತದೆ. 'ಎಲ್ಲಿಂದ ಬಂದವಪ್ಪ ಇಷ್ಟು?' ಎಂದು ದಡದಲ್ಲಿ ನಿಂತವರು ಬಾಯಿಬಿಡುತ್ತಾರೆ. ಎಲ್ಲಿಂದಲೂ ಬಂದದ್ದಲ್ಲ, ಕಾಲಡಿಯಲ್ಲೇ ಇದ್ದವು. ನಾರ್ವೆಯ ಮೈಕೆಲ್ ಸಾರ್ಸ್ ಎಂಬಾತ 1829ರಲ್ಲಿ ಈ ಅಂಟಿಕೊಂಡ ರೂಪವನ್ನೂ ಸೀಳಿಕೊಳ್ಳುವ ರೂಪವನ್ನೂ ಬೇರೆ ಬೇರೆ ಪ್ರಾಣಿಗಳೆಂದು ತಿಳಿದು ಬೇರೆ ಬೇರೆ ಹೆಸರಿಟ್ಟ; ಮುಂದೆ ಆತನೇ ಇವೆಲ್ಲ ಒಂದೇ ಮನೆಯ ಕೂಸುಗಳೆಂದು ಪತ್ತೆ ಮಾಡಿದ. ಪಾದ್ರಿಯ ಕೆಲಸವನ್ನೂ ಮಾಡುತ್ತಿದ್ದವನು. ಒಂದೇ ಮಗುವಿಗೆ ಎರಡು ಸಲ ನಾಮಕರಣ ಮಾಡಿದಂತಾಯಿತಲ್ಲ ಎಂದು ನಕ್ಕಿರಬಹುದು.

ಪಾಲಿಪ್‌ಗೆ ಬೇಕಾದದ್ದು ಅಂಟಿಕೊಳ್ಳಲು ಗಟ್ಟಿ ಜಾಗ. ಕಡಲ ತಳದಲ್ಲಿ ಹೆಚ್ಚಿನ ಕಡೆ ಮರಳು, ಕೆಸರು. ನಾವು ದಯಾವಂತರು, ಧಕ್ಕೆ ಕಟ್ಟಿದೆವು, ಅಲೆತಡೆಗೆ ಕಲ್ಲು ಸುರಿದೆವು, ಕಾಂಕ್ರೀಟಿನ ಕಂಬ ಇಳಿಸಿದೆವು, ತೇಲುಗಟ್ಟೆ ಬಿಟ್ಟೆವು. ಸಾಲದ್ದಕ್ಕೆ ಗದ್ದೆಯ ಗೊಬ್ಬರ, ಪೇಟೆಯ ಕೊಳಚೆ ಹೊಳೆಯ ಮೂಲಕ ಕಡಲಿಗೆ ಸೇರಿ, ಪಾಚಿ ಹೆಚ್ಚಿ, ಅದು ಕೊಳೆತು ತಳದ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ. ಮೀನಿಗೆ ಅಲ್ಲಿ ಉಸಿರುಗಟ್ಟುತ್ತದೆ. ಅಂಬಲಿ ಮೀನಿಗೆ ಅಷ್ಟೊಂದು ತೊಂದರೆಯಿಲ್ಲ, ಅದರ ಖರ್ಚೇ ಕಡಿಮೆ.

ನಮ್ಮ ಮನೆಗೆ ಬುಟ್ಟಿ ಹೊತ್ತು ಬರುವ ಮೀನಿನ ಅಕ್ಕನಿಗೆ ಇದೆಲ್ಲ ಹೇಳಲು ಹೋದೆ. ಆಕೆ ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ದೆಲ್ಲ ಪುಸ್ತಕದ್ದು ಅಣ್ಣ. ಬಲೆ ಎಳೆದ್ರೆ ತುಂಬ ಲೋಳೆಯೇ. ಭಾರಕ್ಕೆ ಬಲೆ ಹರೀತದೆ, ಕೈ ಮೈ ಎಲ್ಲ ತುರಿಕೆ. ಬೂತಾಯಿ ನಾನೆಂತ ಮನೆಯಲ್ಲಿ ಮಾಡಿ ತರ್ಲಿಕ್ಕುಂಟಾ?" ಎಂದಳು. ಕೊನೆಗೆ ನಾನು ಕೇಳಿದ್ದು ಬೂತಾಯಿ ಮೀನಿಗೆ ಅಷ್ಟು ರೇಟು ಯಾಕೆ ಎಂದು ಮಾತ್ರ. ಆದರೆ ವಿಜ್ಞಾನಿಗಳು ಪುಟಗಟ್ಟಲೆ ಬರೆದದ್ದರ ತಿರುಳು ಆಕೆಯ ಆ ಎರಡು ಮಾತಿನಲ್ಲೇ ಇತ್ತು.

ಹೇಗೆಂದರೆ, ಕಡಲನ್ನು ಒಂದು ದೊಡ್ಡ ಊಟದ ಚಪ್ಪರ ಅಂದುಕೊಳ್ಳಿ. ಬಡಿಸಿರುವುದು ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಸಸ್ಯ ಮತ್ತು ಪ್ರಾಣಿಗಳು. ಮೊದಲ ಪಂಕ್ತಿಯಲ್ಲಿ ಕೂರುವವರು ಬೂತಾಯಿಯಂಥ ಸಣ್ಣ ಮೀನುಗಳು. ಅವನ್ನು ತಿನ್ನಲು ದೊಡ್ಡ ಮೀನು, ದೊಡ್ಡ ಮೀನಿಗೆ ಕಾದು ನಾವು. ಈಗ ಯಾರೋ ಬಂದು ಮೊದಲ ಪಂಕ್ತಿಯವರನ್ನು ಊಟದ ನಡುವೆ ಎಬ್ಬಿಸಿಕೊಂಡು ಹೋದರೆನ್ನಿ. ಯಾರೋ ಏಕೆ, ನಾವೇ. ಹಿಂದೆ ರಂಪಣಿ ಬಲೆ ಇದ್ದಾಗ ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿತ್ತು, ಕಡಲು ಕೊಟ್ಟಷ್ಟು ಬರುತ್ತಿತ್ತು. 1970ರ ದಶಕದಲ್ಲಿ ಹಿಂಡನ್ನೇ ಬಲೆಯಿಂದ ಸುತ್ತುಗಟ್ಟುವ ಪರ್ಸೀನ್ ಬೋಟು ಬಂತು, ಮೀನಿನ ಹಿಂಡು ಇದ್ದಲ್ಲಿಗೇ ನಾವು ಹೋದೆವು. ಚಪ್ಪರ ಖಾಲಿ, ಎಲೆ ತುಂಬ ಅನ್ನ. ಕರೆಯದೆ ಬಂದವರು ಕೂತರು. ಅಷ್ಟಾದರೆ ಚಿಂತೆಯಿರಲಿಲ್ಲ, ಹೀಗೆ ಕೂತವರು ಎದ್ದುಹೋದವರ ಮಕ್ಕಳನ್ನೂ ತಿನ್ನುತ್ತಾರೆ. ಮೀನಿನ ಮೊಟ್ಟೆ, ಕಣ್ಣುಬಿಡದ ಮರಿ, ಎಲ್ಲ ಅಂಬಲಿ ಮೀನಿಗೆ ಊಟವೇ. ಹಳಬರು ತಿರುಗಿ ಬಂದು ಕೂರುವ ದಾರಿಯೇ ಮುಚ್ಚುತ್ತದೆ.

ಇದು ನನ್ನ ಕಲ್ಪನೆಯಲ್ಲ. ಆಫ್ರಿಕಾದ ನೈಋತ್ಯಕ್ಕೆ ನಮೀಬಿಯಾ ದೇಶವಿದೆ. ಅದರ ಕರೆಯಲ್ಲಿ ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹ, ತಳದಿಂದ ಪೋಷಕಾಂಶ ಮೇಲೆತ್ತಿ ತರುವಂಥದ್ದು. 1960ರ ದಶಕದಲ್ಲಿ ಅಲ್ಲಿ ಸಾರ್ಡೀನ್, ಅಂದರೆ ಬೂತಾಯಿಯ ದಾಯಾದಿ, ಹಿಡಿದಷ್ಟೂ ಮುಗಿಯದೆಂದು ಎಲ್ಲರೂ ಹಿಡಿದರು. ಮುಗಿಯಿತು. 2006ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಅಲ್ಲಿನ ಕಡಲನ್ನು ತೂಗಿ ನೋಡಿತು: ಮೀನು 36 ಲಕ್ಷ ಟನ್, ಅಂಬಲಿ ಮೀನು 1.22 ಕೋಟಿ ಟನ್. ಸಾರ್ಡೀನ್ ತಿಂದು ಬದುಕಿದ್ದ ಆಫ್ರಿಕದ ಪೆಂಗ್ವಿನ್‌ಗಳು ಪಾಪ, ಹೊಟ್ಟೆಗೆ ಹತ್ತದ ಗೋಬಿ ಎಂಬ ಸಣ್ಣ ಮೀನನ್ನು ನೆಚ್ಚಿಕೊಳ್ಳಬೇಕಾಯಿತು. (ಹೂಕೋಸು ಅಲ್ಲ. ನಮ್ಮ ಮಂಚೂರಿಗೂ ಇದಕ್ಕೂ ಸಂಬಂಧವಿಲ್ಲ.) ಈ ಗೋಬಿ ಮಾತ್ರ ಜಾಣ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಹಗಲು ಕಳೆದು, ರಾತ್ರಿ ಮೇಲೆ ಬಂದು, ಅಂಬಲಿ ಮೀನನ್ನೇ ತಿಂದು ಬದುಕುತ್ತದೆ. ಹಾಗಾಗಿ ಅಲ್ಲಿನ ಕಡಲು ಪೂರ್ತಿ ಕೈಬಿಟ್ಟು ಹೋಗಿಲ್ಲ.

ಕಪ್ಪು ಸಮುದ್ರದ ಕಥೆ ಬೇರೆ. ಅಲ್ಲಿಗೆ ಬಂದದ್ದು ನಿಮಿಯಾಪ್ಸಿಸ್ ಎಂಬ ಬಾಚಣಿಗೆ ಜೆಲ್ಲಿ. ಶಾಸ್ತ್ರ ಹಿಡಿದು ಮಾತಾಡುವವರು ಅದನ್ನು ಅಂಬಲಿ ಮೀನಿನ ಕುಲಕ್ಕೆ ಸೇರಿಸುವುದಿಲ್ಲ, ಕುಟುಕುವ ಕಣವೂ ಅದಕ್ಕಿಲ್ಲ. ಆದರೆ ಹಸಿವು ಅದೇ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಿಂದ ಸರಕು ಹಡಗುಗಳು ಸಮತೂಕಕ್ಕೆಂದು ಹೊಟ್ಟೆಯಲ್ಲಿ ತುಂಬಿಕೊಂಡ ನೀರಿನೊಳಗೆ ಕೂತು, ಟಿಕೆಟ್ಟಿಲ್ಲದೆ 1980ರ ದಶಕದ ಆರಂಭದಲ್ಲಿ ಇಳಿಯಿತು. ಅಲ್ಲಿ ಅದನ್ನು ತಿನ್ನುವವರಿರಲಿಲ್ಲ. ಆಂಚೊವಿ ಎಂಬ ಸಣ್ಣ ಮೀನನ್ನು ಆಗಲೇ ಮಿತಿಮೀರಿ ಹಿಡಿದಿದ್ದರು. 1989ರ ಹೊತ್ತಿಗೆ ಕಡಲು ಜೆಲ್ಲಿಮಯವಾಗಿ ಆಂಚೊವಿ ನೆಲಕಚ್ಚಿತು, ಬೆಸ್ತರ ದೋಣಿಗಳು ದಡದಲ್ಲಿ ಮಲಗಿದವು. ಯಾರೂ ಏನೂ ಮಾಡಲಾಗಲಿಲ್ಲ. ಕೊನೆಗೆ 1997ರಲ್ಲಿ ಬೆರೋಯಿ ಎಂಬ ಇನ್ನೊಂದು ಬಾಚಣಿಗೆ ಜೆಲ್ಲಿ ಕಾಣಿಸಿಕೊಂಡಿತು. ಅದು ತಿನ್ನುವುದು ಮೊದಲನೆಯದನ್ನೇ. ಮಂತ್ರಿಗಳು ಸಮಿತಿ ಮಾಡಿ ಸಾಧಿಸಲಾಗದ್ದನ್ನು ಅದು ಒಂದೆರಡು ವರ್ಷದಲ್ಲಿ ಸಾಧಿಸಿತು. ಅಷ್ಟರಲ್ಲಿ ಮೊದಲಿನದು ವೋಲ್ಗಾ-ಡಾನ್ ಕಾಲುವೆಯ ಹಡಗುಗಳ ಜೊತೆ ಕ್ಯಾಸ್ಪಿಯನ್ ಸಮುದ್ರಕ್ಕೆ ವರ್ಗವಾಗಿ, 1999ರಲ್ಲಿ ಅಲ್ಲಿ ಹಾಜರಿ ಹಾಕಿತ್ತು.

ಜಪಾನಿನವರಿಗೆ ಬಂದ ನೊಮುರಾ ಜೆಲ್ಲಿಯ ಗಾತ್ರ ಕೇಳಿದರೆ ನಮ್ಮ ಕಡಲನ್ನು ನಾವು ಹೊಗಳಿಕೊಳ್ಳುತ್ತೇವೆ. ಎರಡು ಮೀಟರ್ ಅಗಲ, 200 ಕಿಲೋ ತನಕ ತೂಕ. ಹಿಂದೆ ನಲವತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ಈ ಅತಿಥಿ 2002ರಿಂದ ಹೆಚ್ಚುಕಡಿಮೆ ವರ್ಷ ವರ್ಷ ಬರತೊಡಗಿತು. 2009ರಲ್ಲಿ ಚೀಬಾದ ಹತ್ತಿರ ಹತ್ತು ಟನ್ನಿನ ಬೋಟೊಂದು ಬಲೆ ಎತ್ತುವಾಗ ಅದರೊಳಗಿದ್ದ ಡಜನುಗಟ್ಟಲೆ ನೊಮುರಾಗಳ ಭಾರಕ್ಕೆ ಮಗುಚಿತು. ಮೂವರು ನೀರಿಗೆ ಬಿದ್ದರು. ಇನ್ನೊಂದು ಬೋಟಿನವರು ಎತ್ತಿದರು, ಎಲ್ಲರೂ ಉಳಿದರು. ಸಿಟ್ಟಿಗೆ ಇವನ್ನು ಕೊಚ್ಚಿ ಹಾಕುವುದೂ ಬುದ್ಧಿವಂತಿಕೆಯಲ್ಲವಂತೆ: ಸಾಯುವ ಗಳಿಗೆಯಲ್ಲಿ ಹೆಣ್ಣು ಮೊಟ್ಟೆಯನ್ನೂ ಗಂಡು ವೀರ್ಯವನ್ನೂ ಕಡಲಿಗೆ ಬಿಟ್ಟುಬಿಡುತ್ತವೆ. ಸೋತವರು ಕೊನೆಗೆ ಮಾಡುವುದನ್ನೇ ಕೆಲವರು ಮಾಡಿದರು, ತಿಂದುಬಿಟ್ಟರು. ಚೀನಾ, ಜಪಾನುಗಳಲ್ಲಿ ಉಪ್ಪು, ಪಟಿಕ ಹಾಕಿ ಒಣಗಿಸಿದ ಅಂಬಲಿ ಮೀನು ಹಳೆಯ ಕಾಲದಿಂದಲೂ ಊಟದಲ್ಲಿದೆ. ನಮ್ಮ ಆಂಧ್ರ, ಕೇರಳದ ಕರೆಯವರೂ ಹೀಗೆ ಉಪ್ಪು ಹಾಕಿ ಹೊರದೇಶಕ್ಕೆ ಕಳಿಸುತ್ತಾರೆ. ನಾನು ಬಾಯಿಗೆ ಹಾಕಿಲ್ಲ. ಪುಳಿಮುಂಚಿಗೆ ಬೂತಾಯಿಯೇ ಸರಿ ಎಂಬ ವಿಷಯದಲ್ಲಿ ನಾನು ಸಂಪ್ರದಾಯವಾದಿ.

ತಿನ್ನುವ ಮಾತಾಯಿತು, ಕುಟುಕುವ ಮಾತನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಬಂದಿದ್ದ ನಮ್ಮ ಭಾವ ಕಡಲ ಬದಿಯಲ್ಲಿ ಸತ್ತುಬಿದ್ದ ಒಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಸತ್ತರೂ ಅದರ ಎಳೆಗಳಲ್ಲಿನ ಕುಟುಕು ಕಣಗಳು ಬದುಕಿರುತ್ತವೆ. ತಾಗಿದರೆ ಸಾಕು, ಪ್ರಾಣಿಲೋಕದಲ್ಲೇ ಅತಿವೇಗದ ಚಲನೆಗಳಲ್ಲಿ ಒಂದೆನಿಸುವಷ್ಟು ರಭಸದಿಂದ ಮುಳ್ಳು ಹೊರಗೆ ಚಿಮ್ಮುತ್ತದೆ. ಭಾವ ಒಂಟಿಕಾಲಿನಲ್ಲಿ ಕುಣಿದರು. ಕ್ಷಣದಲ್ಲಿ ಸುತ್ತ ವೈದ್ಯರು ನೆರೆದರು. ಒಬ್ಬರು ಮರಳು ತಿಕ್ಕಿ ಅಂದರು, ಒಬ್ಬರು ಬಾಟಲಿಯ ನೀರು ಸುರಿಯಿರಿ ಅಂದರು, ಹಿರಿಯರೊಬ್ಬರು ಮೂತ್ರವೇ ಮದ್ದು ಎಂದು ಪಂಚೆ ಸರಿಮಾಡಿಕೊಳ್ಳುತ್ತ ಉದಾರವಾಗಿ ಮುಂದೆ ಬಂದರು. ನೋವು ಕಡಿಮೆಯಾಯಿತು ಎಂದು ಭಾವ ತಕ್ಷಣ ಘೋಷಿಸಿದರು. ನಿಜಕ್ಕೂ ಈ ಮೂರೂ ಮಾಡಬಾರದ್ದು. ಕಡಲ ನೀರಿನಲ್ಲೇ ತೊಳೆಯಬೇಕು, ಬರಿಗೈ ಹಾಕದೆ ಎಳೆ ತೆಗೆಯಬೇಕು, ಉಸಿರಾಟಕ್ಕೆ ತೊಂದರೆ ಕಂಡರೆ ಆಸ್ಪತ್ರೆಗೆ ಓಡಬೇಕು. 2018ರ ಆಗಸ್ಟಿನಲ್ಲಿ ಮುಂಬಯಿಯ ಜುಹೂ ಕಡೆ ನೂರಕ್ಕೂ ಹೆಚ್ಚು ಜನರನ್ನು ಕುಟುಕಿದ ನೀಲಿ ಬಾಟಲಿ ಎಂಬುದು ಇವುಗಳ ದೂರದ ನೆಂಟ. 2020ರಲ್ಲಿ ಗೋವಾದ ಬಾಗಾ, ಕಲಂಗುಟ್ ಕಡೆಯೂ ಪ್ರವಾಸಿಗಳು ಹೀಗೆ ಕುಣಿದರು.

ಇಷ್ಟು ಓದಿ ನಿಮಗೆ ಇವುಗಳ ಮೇಲೆ ದ್ವೇಷ ಹುಟ್ಟಿದರೆ ನನ್ನ ಬರವಣಿಗೆ ಕೆಟ್ಟಿತು. ಅಂಬಲಿ ಮೀನು ಕಡಲಿಗೆ ಬೇಕು. ಕೆಲವು ಜಾತಿಯ ಮೀನಿನ ಮರಿಗಳು ಅದರ ಎಳೆಗಳ ನಡುವೆಯೇ ಅಡಗಿ ಬೆಳೆಯುತ್ತವೆ, ಶತ್ರುವಿಗೆ ಅಲ್ಲಿ ಕೈಹಾಕಲು ಭಯ. ತೊಗಲುಬೆನ್ನಿನ ದೊಡ್ಡ ಕಡಲಾಮೆಗೆ ಇದೇ ಮೃಷ್ಟಾನ್ನ. ನಾವು ಎಸೆದ ಪ್ಲಾಸ್ಟಿಕ್ ಚೀಲವನ್ನು ಅಂಬಲಿ ಮೀನೆಂದು ನುಂಗಿ ಅದು ಸಾಯುತ್ತದೆ, ಆಮೇಲೆ ಅಂಬಲಿ ಮೀನು ತಿನ್ನುವವರಿಲ್ಲ ಎಂದು ನಾವೇ ಕೊರಗುತ್ತೇವೆ. ಅಮೆರಿಕದ ಫ್ರೈಡೇ ಹಾರ್ಬರ್‌ನಲ್ಲಿ ಒಸಾಮು ಶಿಮೊಮುರಾ ಎಂಬ ವಿಜ್ಞಾನಿ ಹೆಂಡತಿ ಮಕ್ಕಳನ್ನೂ ಕೂಡಿಸಿಕೊಂಡು ವರ್ಷಗಟ್ಟಲೆ ಇವನ್ನು ಬಲೆಯಲ್ಲಿ ಹಿಡಿದು, ಹಸಿರಾಗಿ ಹೊಳೆಯುವ ಪ್ರೋಟೀನನ್ನು ಹೊರತೆಗೆದರು. ಇಂದು ಜೀವಕೋಶದ ಒಳಗೆ ನಡೆಯುವುದನ್ನು ನೋಡಲು ವಿಜ್ಞಾನಿಗಳು ಹಚ್ಚುವ ದೀಪ ಅದು. 2008ರಲ್ಲಿ ಅವರಿಗೂ ಮಾರ್ಟಿನ್ ಚಾಲ್ಫಿ, ರೋಜರ್ ಚಿಯೆನ್ ಅವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ನಾನು ಕಡಲ ಬದಿಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಬಂದದ್ದು ಚುರುಮುರಿಯ ಬಿಲ್ಲು.

ಇನ್ನು ಕೆಲವರು ಕಡಲೆಲ್ಲ ಲೋಳೆಯಾಗಿ ಪ್ರಳಯವೇ ಬಂತು ಎಂದು ಹೆದರಿಸುತ್ತಾರೆ. ಅಷ್ಟು ಅವಸರ ಬೇಡ. 2013ರಲ್ಲಿ ಜಗತ್ತಿನ ಬೇರೆ ಬೇರೆ ಕಡಲುಗಳ ದೀರ್ಘಕಾಲದ ದಾಖಲೆ ಜೋಡಿಸಿ ನೋಡಿದವರಿಗೆ ಕಂಡದ್ದು ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಏರಿ ಇಳಿಯುವ ಲಯ. ಎಲ್ಲ ಕಡೆಯೂ ಒಂದೇ ಸಮ ಹೆಚ್ಚುತ್ತಿವೆ ಎನ್ನಲು ಗಟ್ಟಿ ಸಾಕ್ಷಿ ಅವರಿಗೆ ಸಿಗಲಿಲ್ಲ. ಬೂತಾಯಿ ಒಂದು ವರ್ಷ ರಾಶಿ ಬಿದ್ದು ಮರುವರ್ಷ ಮಾಯವಾಗುವುದಕ್ಕೂ ಎಲ್ ನಿನೋದಂಥ ಕಡಲ ಹವೆಯ ಏರುಪೇರು ಕಾರಣ. ಎಲ್ಲವನ್ನೂ ಬಾಯಿಲ್ಲದ ಪ್ರಾಣಿಯ ತಲೆಗೆ ಕಟ್ಟುವುದು ಅನ್ಯಾಯ. (ಬಾಯಿ ಇದೆ, ತಲೆ ಇಲ್ಲ. ಮಾತಿಗೆ ಹೇಳಿದೆ.) ನಮ್ಮ ಅರಬ್ಬೀ ಸಮುದ್ರದಲ್ಲೇ, ಒಮಾನ್ ದೇಶದ ಆಚೆ, 2002ರ ಡಿಸೆಂಬರಿನಲ್ಲಿ ಕ್ಯಾಮರಾ ಇಳಿಸಿದ ಸಂಶೋಧಕರಿಗೆ ಮೂರು ಸಾವಿರ ಮೀಟರ್ ಆಳದ ತನಕ ತಳದಲ್ಲಿ ಸತ್ತ ಅಂಬಲಿ ಮೀನುಗಳ ಹಾಸು ಕಂಡಿತ್ತು. ಕ್ರಾಂಬಿಯೊನೆಲ್ಲಾ ಎಂಬ ಜಾತಿ; ಕೇರಳದವರ ಬಲೆಗೆ ಬೀಳುವುದೂ ಅದೇ. ಮೇಲಿನ ಕಡಲಿನ ಇಂಗಾಲವನ್ನು ಹೊತ್ತುಕೊಂಡು ಹೋಗಿ ಆಳದವರಿಗೆ ಊಟ ಹಾಕಿ ಸತ್ತವು. ಅವು ಬರುತ್ತವೆ, ಉಕ್ಕುತ್ತವೆ, ಹೋಗುತ್ತವೆ. ಅದು ಅವುಗಳ ಸ್ವಭಾವ. ಹೋಗದೆ ಉಳಿದುಬಿಡುವುದು ಪಂಕ್ತಿಯನ್ನು ನಾವು ಖಾಲಿ ಮಾಡಿದ ಕಡೆಗಳಲ್ಲಿ.

ಹಾಗಾಗಿ ನನ್ನದೊಂದು ಬೇಡಿಕೆಯಿದೆ. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಮೀನು ಸಿಗುವುದಿಲ್ಲವೆಂದು ಗೊಣಗಬೇಡಿ, ಒಣಮೀನು ಚಟ್ನಿಯಲ್ಲಿ ಸುಧಾರಿಸಿಕೊಳ್ಳಿ. ಮಳೆಗಾಲ ಕಳೆದ ಮೇಲೆ ಬೆರಳುದ್ದದ ಬೂತಾಯಿ ಮರಿ ಬುಟ್ಟಿಗೆ ನೂರು ರೂಪಾಯಿಗೆ ಬಂದರೂ ಕೊಳ್ಳಬೇಡಿ. ಕೇರಳದಲ್ಲಿ ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯುವುದೇ ಅಪರಾಧ. ಇಲ್ಲಿ ನೀವು ಕೊಳ್ಳದಿದ್ದರೆ ಸಾಕು, ಯಾರೂ ಹಿಡಿಯುವುದಿಲ್ಲ.